ಸ್ಪೀಡ್ ಹೆಚ್ಚಿರುವ ರ‍್ಯಾಮ್ ಹಾಕಿದರೆ ಡೆಸ್ಕ್‌ಟಾಪ್ ವೇಗವಾಗುತ್ತಾ? ದುಡ್ಡು ಕೊಡುವ ಮುನ್ನ ಇದನ್ನು ಓದಿ

ಮುಂಬೈ: ಮನೆಯ ಡೆಸ್ಕ್‌ಟಾಪ್ ಆನ್ ಮಾಡಿ ಚಹಾ ಕುಡಿದು ಬಂದರೂ ವಿಂಡೋಸ್ ಇನ್ನೂ ತೆರೆದುಕೊಂಡಿರುವುದಿಲ್ಲ. ಟ್ಯಾಲಿ ತೆರೆದರೆ ಬ್ರೌಸರ್ ನಿಲ್ಲುತ್ತದೆ, ಬ್ರೌಸರ್ ತೆರೆದರೆ ಮೌಸ್ ನಿಲ್ಲುತ್ತದೆ. ಪರಿಚಯದವರನ್ನು ಕೇಳಿದರೆ ಸಿಗುವ ಮೊದಲ ಉತ್ತರ: "ರ‍್ಯಾಮ್ ಬದಲಾಯಿಸಿ, 3200 ಸ್ಪೀಡಿಂದು ಹಾಕಿ, ಗಾಡಿ ಓಡುತ್ತೆ."

ಬೊರಿವಲಿಯಂಥ ಉಪನಗರದಲ್ಲಿರುವವರು ಇದಕ್ಕಾಗಿ ಲೋಕಲ್ ಹತ್ತಿ ಗ್ರಾಂಟ್ ರೋಡ್‌ನಲ್ಲಿ ಇಳಿದು, ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಲ್ಯಾಮಿಂಗ್ಟನ್ ರೋಡ್‌ಗೆ ಹೋಗುತ್ತಾರೆ. ದಾಖಲೆಗಳಲ್ಲಿ ಅದರ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಅಲ್ಲಿ ಸಾವಿರಾರು ರೂಪಾಯಿ ಕೊಟ್ಟು ತಂದ ಹೊಸ ರ‍್ಯಾಮ್ ಹಾಕಿದ ಮೇಲೂ ಕಂಪ್ಯೂಟರ್ ಮೊದಲಿನ ಹಾಗೇ ತೆವಳಿದರೆ? ಹೀಗಾಗುವುದು ಅಪರೂಪವಲ್ಲ. ರ‍್ಯಾಮ್ ಕೆಟ್ಟದ್ದು ಎಂದಲ್ಲ, ಅಲ್ಲಿ ಕಾಯಿಲೆಯೇ ಬೇರೆ ಇತ್ತು.

ಹಾಗಾದರೆ ವೇಗದ ರ‍್ಯಾಮ್‌ನಿಂದ ನಿಜಕ್ಕೂ ಲಾಭ ಇದೆಯೇ? ಯಾರಿಗೆ ಇದೆ, ಯಾರಿಗೆ ಇಲ್ಲ? ಇಲ್ಲಿದೆ ವಿವರ.

ರ‍್ಯಾಮ್ ಮಾಡುವ ಕೆಲಸ ಏನು?

ಅಡುಗೆಮನೆಯ ಲೆಕ್ಕದಲ್ಲಿ ನೋಡಿ. ಒಲೆಯ ಪಕ್ಕದ ಮಸಾಲೆ ಡಬ್ಬಿಗೆ ಕೈ ಚಾಚಿದರೆ ಸಾಕು. ಸಾಮಾನಿನ ಕಪಾಟಿಗೆ ನಾಲ್ಕು ಹೆಜ್ಜೆ ನಡೆಯಬೇಕು. ಕಪಾಟಿನಲ್ಲೂ ಇಲ್ಲದಿದ್ದರೆ ಒಲೆ ಆರಿಸಿ, ಕೆಳಗಿಳಿದು ಅಂಗಡಿಗೆ ಹೋಗಿ ಬರಬೇಕು.

ಕಂಪ್ಯೂಟರ್‌ನಲ್ಲಿ ಮಸಾಲೆ ಡಬ್ಬಿ ಎಂದರೆ ಪ್ರೊಸೆಸರ್ ಒಳಗೇ ಇರುವ ಕ್ಯಾಷ್ ಮೆಮೊರಿ. ಕಪಾಟು ಎಂದರೆ ರ‍್ಯಾಮ್. ಅಂಗಡಿ ಎಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ.

ಇವುಗಳ ನಡುವಿನ ಅಂತರ ಎಷ್ಟು ದೊಡ್ಡದು ಗೊತ್ತೇ? ರ‍್ಯಾಮ್‌ನಿಂದ ಒಂದು ಮಾಹಿತಿ ಪ್ರೊಸೆಸರ್‌ಗೆ ತಲುಪಲು ಸುಮಾರು 100 ನ್ಯಾನೋಸೆಕೆಂಡ್ ಬೇಕು. ತಿರುಗುವ ಹಾರ್ಡ್ ಡಿಸ್ಕ್‌ನ ಮೂಲೆಯೊಂದರಿಂದ ಅದನ್ನೇ ಹುಡುಕಿ ತರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದರೆ ಒಂದು ಲಕ್ಷ ಪಟ್ಟು ಹೆಚ್ಚು ಸಮಯ. ಎಸ್‌ಎಸ್‌ಡಿಯಲ್ಲಿ ಇದು 0.1 ಮಿಲಿಸೆಕೆಂಡ್ ಆಸುಪಾಸಿಗೆ ಇಳಿಯುತ್ತದೆ.

ನೆನಪಿಡಬೇಕಾದ ಅಂಶ ಇಷ್ಟೇ: ಕಪಾಟು ಚಿಕ್ಕದಾಗಿ ಪದೇ ಪದೇ ಅಂಗಡಿಗೆ ಓಡುತ್ತಿದ್ದರೆ, ಕಪಾಟಿನ ಬಾಗಿಲನ್ನು ಬೇಗ ತೆರೆಯುವುದರಿಂದ ಅಡುಗೆ ಬೇಗ ಆಗುವುದಿಲ್ಲ. ಬೇಕಾಗಿರುವುದು ದೊಡ್ಡ ಕಪಾಟು ಮತ್ತು ಹತ್ತಿರದ ಅಂಗಡಿ. ರ‍್ಯಾಮ್‌ನ ಗಾತ್ರ ಬೇರೆ, ರ‍್ಯಾಮ್‌ನ ವೇಗ ಬೇರೆ. ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಹೆಚ್ಚಿನವರ ದುಡ್ಡು ವ್ಯರ್ಥವಾಗುತ್ತದೆ.

3200 ಎಂದರೆ ಏನು?

ಪೊಟ್ಟಣದ ಮೇಲೆ ಡಿಡಿಆರ್4-2666, ಡಿಡಿಆರ್4-3200, ಡಿಡಿಆರ್5-6000 ಎಂದೆಲ್ಲ ಬರೆದಿರುತ್ತದೆ. ಮೊದಲ ಭಾಗ ತಲೆಮಾರು. ಕೊನೆಯ ಸಂಖ್ಯೆ, ಒಂದು ಸೆಕೆಂಡಿನಲ್ಲಿ ಎಷ್ಟು ದಶಲಕ್ಷ ಬಾರಿ ಮಾಹಿತಿ ಸಾಗಿಸಬಲ್ಲದು ಎಂಬ ಲೆಕ್ಕ. ಅಂಗಡಿಯಲ್ಲಿ ಇದನ್ನು ಮೆಗಾಹರ್ಟ್ಸ್ ಎನ್ನುವುದು ರೂಢಿ. ಆದರೆ ಡಿಡಿಆರ್ ರ‍್ಯಾಮ್ ಗಡಿಯಾರದ ಒಂದು ಬಡಿತಕ್ಕೆ ಎರಡು ಬಾರಿ ಮಾಹಿತಿ ಕಳಿಸುವುದರಿಂದ, 3200ರ ರ‍್ಯಾಮ್‌ನ ನಿಜವಾದ ಗಡಿಯಾರ 1600 ಮೆಗಾಹರ್ಟ್ಸ್. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ 1600 ಎಂದು ಕಂಡರೆ ಅಂಗಡಿಯವರು ಮೋಸ ಮಾಡಿದರು ಎಂದು ಗಾಬರಿ ಬೇಡ.

ಪ್ರತಿ ಬಾರಿ 64 ಬಿಟ್, ಅಂದರೆ 8 ಬೈಟ್ ಸಾಗುತ್ತದೆ. ಆದ್ದರಿಂದ 3200ರ ಒಂದು ರ‍್ಯಾಮ್ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು. 2666ರದ್ದು 21.3 ಜಿಬಿ. ಎರಡರ ನಡುವಿನ ವ್ಯತ್ಯಾಸ ಶೇ. 20.

ಅಂದರೆ ಕಂಪ್ಯೂಟರ್ ಶೇ. 20ರಷ್ಟು ವೇಗ ಆಗುತ್ತದೆಯೇ? ಇಲ್ಲ. ಯಾಕೆ ಎಂದು ಮುಂದೆ ನೋಡೋಣ.

ಫಾಸ್ಟ್ ಲೋಕಲ್ ಲೆಕ್ಕ

ಬೊರಿವಲಿಯಿಂದ ಚರ್ಚ್‌ಗೇಟ್‌ಗೆ ಸುಮಾರು 34 ಕಿ.ಮೀ. ಚರ್ಚ್‌ಗೇಟ್‌ವರೆಗೆ ಹೋಗುವವರಿಗೆ ಸ್ಲೋ ಬಿಟ್ಟು ಫಾಸ್ಟ್ ಲೋಕಲ್ ಹಿಡಿಯುವುದರಿಂದ ಲಾಭ ಇದೆ. ಆದರೆ ನಿಮ್ಮ ಕಚೇರಿ ಪಕ್ಕದ ಕಾಂದಿವಲಿಯಲ್ಲೇ ಇದ್ದರೆ? ಅಲ್ಲಿ ರೈಲಿನಲ್ಲಿ ಕುಳಿತಿರುವ ಸಮಯಕ್ಕಿಂತ ರಿಕ್ಷಾ, ಮೇಲ್ಸೇತುವೆ, ಪ್ಲಾಟ್‌ಫಾರ್ಮ್ ಕಾಯುವಿಕೆಯೇ ಹೆಚ್ಚು. ರೈಲು ಎಷ್ಟೇ ಜೋರಾಗಿ ಓಡಿದರೂ ಒಟ್ಟು ಸಮಯ ಹೆಚ್ಚೇನೂ ಬದಲಾಗದು.

ಇದನ್ನೇ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದಿಂದ ಬಂದ ಸೂತ್ರ ಹೇಳುತ್ತದೆ. ಒಟ್ಟು ಕೆಲಸದ ಒಂದು ಭಾಗವನ್ನು ಮಾತ್ರ ವೇಗಗೊಳಿಸಿದರೆ, ಆ ಭಾಗ ಎಷ್ಟು ದೊಡ್ಡದೋ ಅದಕ್ಕೆ ತಕ್ಕಷ್ಟೇ ಲಾಭ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿ ಲೆಕ್ಕಪತ್ರದ ಫೈಲ್ ತೆರೆಯಲು 100 ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಅದರಲ್ಲಿ 70 ಸೆಕೆಂಡ್ ಹಾರ್ಡ್ ಡಿಸ್ಕ್‌ಗಾಗಿ ಕಾಯುವುದು, 25 ಸೆಕೆಂಡ್ ಪ್ರೊಸೆಸರ್ ಕೆಲಸ, 5 ಸೆಕೆಂಡ್ ರ‍್ಯಾಮ್‌ಗಾಗಿ ಕಾಯುವುದು.

* ರ‍್ಯಾಮ್ ಶೇ. 20ರಷ್ಟು ವೇಗವಾದರೆ 5 ಸೆಕೆಂಡ್ ಸುಮಾರು 4.2ಕ್ಕೆ ಇಳಿಯುತ್ತದೆ. ಒಟ್ಟು 99.2 ಸೆಕೆಂಡ್. ಯಾರಿಗೂ ಗೊತ್ತಾಗುವುದಿಲ್ಲ.
* ಎಸ್‌ಎಸ್‌ಡಿ ಹಾಕಿ ಆ 70 ಸೆಕೆಂಡ್ 10ಕ್ಕೆ ಇಳಿದರೆ ಒಟ್ಟು 40 ಸೆಕೆಂಡ್. ಮನೆಯವರಿಗೆಲ್ಲ ಗೊತ್ತಾಗುತ್ತದೆ.

ಇಪ್ಪತ್ತು ವರ್ಷವಾದರೂ ಇಳಿಯದ ಕಾಯುವಿಕೆ

ಇನ್ನೊಂದು ವಿಷಯವನ್ನು ಜಾಹೀರಾತುಗಳು ದೊಡ್ಡಕ್ಷರದಲ್ಲಿ ಹೇಳುವುದಿಲ್ಲ. 12 ಬೋಗಿಯ ಲೋಕಲ್ ಬದಲು 15 ಬೋಗಿಯ ಲೋಕಲ್ ಬಂದರೆ ಹೆಚ್ಚು ಜನ ಹೋಗಬಹುದು, ಆದರೆ ಒಬ್ಬ ಪ್ರಯಾಣಿಕ ಬೇಗ ತಲುಪುವುದಿಲ್ಲ. ರ‍್ಯಾಮ್‌ನಲ್ಲೂ ಹೀಗೆಯೇ. ಸೆಕೆಂಡಿಗೆ ಎಷ್ಟು ಮಾಹಿತಿ ಸಾಗುತ್ತದೆ ಎಂಬುದು ಬ್ಯಾಂಡ್‌ವಿಡ್ತ್. ಕೇಳಿದ ಮೊದಲ ತುಣುಕು ಬರಲು ಎಷ್ಟು ಹೊತ್ತು ಎಂಬುದು ಲೇಟೆನ್ಸಿ.

ಲೇಟೆನ್ಸಿ ತಿಳಿಯಲು ಪೊಟ್ಟಣದ ಮೇಲಿನ ಸಿಎಲ್ ಸಂಖ್ಯೆ ನೋಡಬೇಕು. ಅದನ್ನು 2000ದಿಂದ ಗುಣಿಸಿ, ರ‍್ಯಾಮ್ ವೇಗದಿಂದ ಭಾಗಿಸಿದರೆ ನ್ಯಾನೋಸೆಕೆಂಡ್‌ನಲ್ಲಿ ಉತ್ತರ ಬರುತ್ತದೆ.

* ಡಿಡಿಆರ್-400, ಸಿಎಲ್3: 15 ನ್ಯಾನೋಸೆಕೆಂಡ್
* ಡಿಡಿಆರ್3-1600, ಸಿಎಲ್11: 13.75 ನ್ಯಾನೋಸೆಕೆಂಡ್
* ಡಿಡಿಆರ್4-3200, ಸಿಎಲ್22: 13.75 ನ್ಯಾನೋಸೆಕೆಂಡ್
* ಡಿಡಿಆರ್4-3200, ಸಿಎಲ್16: 10 ನ್ಯಾನೋಸೆಕೆಂಡ್
* ಡಿಡಿಆರ್5-4800, ಸಿಎಲ್40: 16.7 ನ್ಯಾನೋಸೆಕೆಂಡ್
* ಡಿಡಿಆರ್5-6000, ಸಿಎಲ್30: 10 ನ್ಯಾನೋಸೆಕೆಂಡ್

ಪಟ್ಟಿಯನ್ನು ಇನ್ನೊಮ್ಮೆ ನೋಡಿ. 400ರಿಂದ 4800ಕ್ಕೆ ಸಂಖ್ಯೆ 12 ಪಟ್ಟು ಏರಿದೆ, ಕಾಯುವ ಹೊತ್ತು ಮಾತ್ರ ಇದ್ದಲ್ಲೇ ಇದೆ! ಕಾರಣ ರ‍್ಯಾಮ್‌ನ ಒಳರಚನೆ. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್ ಸೇರಿ ಒಂದು ಬಿಟ್ ಹಿಡಿದಿಡುವ ಈ ವಿನ್ಯಾಸಕ್ಕೆ ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದರು. ಇಂದಿನ ಡಿಡಿಆರ್5 ಕೂಡ ಅದೇ ತತ್ವದ ಮೇಲೆ ನಿಂತಿದೆ. ಆ ಕೆಪಾಸಿಟರ್‌ನಲ್ಲಿರುವ ಅತಿಸಣ್ಣ ವಿದ್ಯುತ್ತನ್ನು ಗುರುತಿಸಿ ಓದಲು ಒಂದಿಷ್ಟು ಹೊತ್ತು ಬೇಕೇ ಬೇಕು.

ಹಾಗಾಗಿ ಖರೀದಿಸುವಾಗ ದೊಡ್ಡ ಸಂಖ್ಯೆಯೊಂದನ್ನೇ ನೋಡಬೇಡಿ. ಅದೇ 3200ರಲ್ಲಿ ಸಿಎಲ್22 ಮತ್ತು ಸಿಎಲ್16 ಎರಡೂ ಸಿಗುತ್ತವೆ, ಎರಡೂ ಒಂದೇ ಅಲ್ಲ.

ಒಂದು ಉದಾಹರಣೆ: 2019ರ ಡೆಸ್ಕ್‌ಟಾಪ್

ಬೊರಿವಲಿಯಲ್ಲಿರುವ ಒಂದು ಕನ್ನಡ ಕುಟುಂಬ ಎಂದಿಟ್ಟುಕೊಳ್ಳಿ. ಅಪ್ಪ ನಾಲ್ಕಾರು ಹೋಟೆಲ್, ಕ್ಯಾಂಟೀನ್‌ಗಳ ಜಿಎಸ್‌ಟಿ ಲೆಕ್ಕ ಬರೆಯುತ್ತಾರೆ. ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಇಬ್ಬರಿಗೂ ಒಂದೇ ಡೆಸ್ಕ್‌ಟಾಪ್: 2019ರಲ್ಲಿ ಜೋಡಿಸಿದ್ದು, ಇಂಟೆಲ್ ಕೋರ್ ಐ5-9400 ಪ್ರೊಸೆಸರ್, ಎಚ್310 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್.

ಹಳೆಯ 2666 ರ‍್ಯಾಮ್ ತೆಗೆದು 3200ರದ್ದು ಹಾಕಿದರೆ ಏನಾಗುತ್ತದೆ? ವೇಗದ ಲೆಕ್ಕದಲ್ಲಿ ಏನೂ ಆಗುವುದಿಲ್ಲ. ಐ5-9400 ಅಧಿಕೃತವಾಗಿ 2666ಕ್ಕೆ ನಿಲ್ಲುತ್ತದೆ, ಎಚ್310 ಚಿಪ್‌ಸೆಟ್ ಅದನ್ನು ಮೀರಲು ಬಿಡುವುದಿಲ್ಲ. 3200ರ ರ‍್ಯಾಮ್ ಅಲ್ಲಿ 2666ರಲ್ಲೇ ಓಡುತ್ತದೆ. ಹೆಚ್ಚುವರಿ ದುಡ್ಡು ಕೊಟ್ಟ ವೇಗ ಪೊಟ್ಟಣದ ಮೇಲೆಯೇ ಉಳಿಯುತ್ತದೆ.

ಇಂಟೆಲ್‌ನ ಬಿ360, ಬಿ365, ಎಚ್410, ಬಿ460 ಬೋರ್ಡ್‌ಗಳಲ್ಲೂ ಪ್ರೊಸೆಸರ್‌ನ ಮಿತಿಯೇ ರ‍್ಯಾಮ್‌ನ ಮಿತಿ. 2021ರಲ್ಲಿ ಬಂದ ಬಿ560ರಿಂದ ಬಿ ಸರಣಿಯ ಬೋರ್ಡ್‌ಗಳಲ್ಲಿ ಈ ಕಟ್ಟು ಸಡಿಲವಾಯಿತು.

ಈ ಮನೆಗೆ ಸರಿಯಾದ ದಾರಿ ಯಾವುದು? ಮೊದಲು ಒಂದು ಎಸ್‌ಎಸ್‌ಡಿ, ವಿಂಡೋಸ್ ಅದರೊಳಗೆ. ನಂತರ ಈಗಿರುವ ರ‍್ಯಾಮ್‌ಗೆ ಜೊತೆಯಾಗಿ ಇನ್ನೊಂದು 8 ಜಿಬಿ. ಗಾತ್ರ 16 ಜಿಬಿ ಆಗುವುದಷ್ಟೇ ಅಲ್ಲ, ಎರಡು ರ‍್ಯಾಮ್ ಸೇರಿ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತವೆ. ಸೆಕೆಂಡಿಗೆ 21.3 ಜಿಬಿ ಇದ್ದ ಸಾಗಣೆ ಸಾಮರ್ಥ್ಯ 42.7 ಜಿಬಿ ಆಗುತ್ತದೆ. 3200ರ ಒಂಟಿ ರ‍್ಯಾಮ್ ಪೂರ್ಣ ವೇಗದಲ್ಲಿ ಓಡಿದ್ದರೂ 25.6 ದಾಟುತ್ತಿರಲಿಲ್ಲ. ಒಂದೇ ಹಳಿಯ ಮೇಲೆ ರೈಲು ಜೋರಾಗಿ ಓಡಿಸುವುದಕ್ಕಿಂತ ಎರಡನೇ ಹಳಿ ಹಾಕುವುದು ಲಾಭ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇರುವುದರಿಂದ, ಇಷ್ಟು ಬದಲಾವಣೆ ಮಾಡಿಕೊಂಡರೆ ಈ ಡೆಸ್ಕ್‌ಟಾಪ್‌ನಿಂದ ಇನ್ನೂ ಕೆಲವು ವರ್ಷ ಕೆಲಸ ತೆಗೆಯಬಹುದು.

ವೇಗದ ರ‍್ಯಾಮ್‌ನಿಂದ ಯಾರಿಗೆ ನಿಜವಾದ ಲಾಭ?

ರ‍್ಯಾಮ್ ವೇಗ ಪೂರ್ತಿ ಬೂಟಾಟಿಕೆ ಎಂದೇನಲ್ಲ. ಕೆಲವು ಕಡೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

1. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು: 2021ರ ಎಎಂಡಿ ರೈಝೆನ್ 5 5600ಜಿಯಂಥ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಒಳಗೇ ಇರುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಹೋಲಿಕೆಗೆ, 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡ್‌ನ ಸ್ವಂತ ಮೆಮೊರಿ ಸೆಕೆಂಡಿಗೆ 360 ಜಿಬಿ ಸಾಗಿಸುತ್ತದೆ. 2400ರ ಒಂಟಿ ರ‍್ಯಾಮ್ ಇದ್ದರೆ 5600ಜಿಗೆ ಸಿಗುವುದು 19.2 ಜಿಬಿ ಮಾತ್ರ. 3200ರ ಜೋಡಿ ಹಾಕಿದರೆ 51.2 ಜಿಬಿ. ಗೇಮ್ ಆಡುವಾಗ ಇದು ಎದ್ದು ಕಾಣುತ್ತದೆ.

2. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಟ್ಟು, ಕಡಿಮೆ ರೆಸಲ್ಯೂಷನ್‌ನಲ್ಲಿ ಹೆಚ್ಚು ಫ್ರೇಮ್ ಬೇಕೆನ್ನುವ ಗೇಮರ್‌ಗಳು: ಇಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್ ಮೇಲೆ ಒತ್ತಡ ಬೀಳುತ್ತದೆ. ಅದೇ ಗೇಮ್ 4ಕೆ ರೆಸಲ್ಯೂಷನ್‌ನಲ್ಲಿ ಆಡಿದರೆ ಗ್ರಾಫಿಕ್ಸ್ ಕಾರ್ಡ್ ಮೊದಲು ಸುಸ್ತಾಗುತ್ತದೆ, ರ‍್ಯಾಮ್ ವೇಗ ಲೆಕ್ಕಕ್ಕೇ ಬರುವುದಿಲ್ಲ. 2022ರ ರೈಝೆನ್ 7 5800ಎಕ್ಸ್3ಡಿ ಥರ 96 ಎಂಬಿ ಕ್ಯಾಷ್ ಇರುವ ಪ್ರೊಸೆಸರ್‌ಗಳಿಗೂ ರ‍್ಯಾಮ್ ವೇಗದ ಅವಲಂಬನೆ ಕಡಿಮೆ. ಮಸಾಲೆ ಡಬ್ಬಿಯೇ ದೊಡ್ಡದಿದ್ದರೆ ಕಪಾಟಿಗೆ ಹೋಗುವುದು ಕಡಿಮೆ ತಾನೆ? ಮೇಲಿನ ಐ5-9400ರಲ್ಲಿ ಇರುವುದು 9 ಎಂಬಿ.

3. ಮನೆಯ ಕಂಪ್ಯೂಟರ್‌ನಲ್ಲೇ ಎಐ ಓಡಿಸುವವರು: 800 ಕೋಟಿ ಪ್ಯಾರಾಮೀಟರ್‌ಗಳ ಒಂದು ಭಾಷಾ ಮಾದರಿಯನ್ನು 4 ಬಿಟ್‌ಗೆ ಕುಗ್ಗಿಸಿದರೆ ಸುಮಾರು 5 ಜಿಬಿ ಆಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಓಡಿಸಿದರೆ, ಉತ್ತರದ ಒಂದೊಂದು ಟೋಕನ್‌ಗೂ ಆ 5 ಜಿಬಿ ಪೂರ್ತಿ ರ‍್ಯಾಮ್‌ನಿಂದ ಹಾದುಹೋಗಬೇಕು. ಡಿಡಿಆರ್4-3200 ಜೋಡಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 10 ಟೋಕನ್. ಡಿಡಿಆರ್5-6000 ಜೋಡಿಯಲ್ಲಿ ಸಾಮರ್ಥ್ಯ 96 ಜಿಬಿ, ಅಂದರೆ ಹೆಚ್ಚೆಂದರೆ 19 ಟೋಕನ್. ಇಲ್ಲಿ ರ‍್ಯಾಮ್ ವೇಗವೇ ಕಂಪ್ಯೂಟರ್ ವೇಗ.

4. ದೊಡ್ಡ ಫೈಲ್‌ಗಳನ್ನು ಕುಗ್ಗಿಸುವುದು, ವೈಜ್ಞಾನಿಕ ಲೆಕ್ಕಾಚಾರದಂಥ ಕೆಲಸ ದಿನವಿಡೀ ಮಾಡುವವರು.

ಟ್ಯಾಲಿ, ವರ್ಡ್, ಎಕ್ಸೆಲ್, ನುಡಿ ಅಥವಾ ಬರಹದಲ್ಲಿ ಕನ್ನಡ ಟೈಪಿಂಗ್, ಆನ್‌ಲೈನ್ ಕ್ಲಾಸ್, ಯೂಟ್ಯೂಬ್, ಬ್ಯಾಂಕ್ ಕೆಲಸ ಇಷ್ಟೇ ಇದ್ದರೆ ವೇಗದ ರ‍್ಯಾಮ್‌ಗಾಗಿ ಹೆಚ್ಚು ದುಡ್ಡು ಹಾಕುವ ಅಗತ್ಯ ಇಲ್ಲ. ಗಾತ್ರ ಸಾಕಷ್ಟಿದ್ದರೆ ಆಯಿತು.

ನಿಮ್ಮ ಕಂಪ್ಯೂಟರ್‌ನ ಕಾಯಿಲೆ ಯಾವುದು? ಐದು ನಿಮಿಷದ ಪರೀಕ್ಷೆ

ಯಾವ ಅಂಗಡಿಗೂ ಹೋಗದೆ ಇದನ್ನು ನೀವೇ ತಿಳಿಯಬಹುದು. ದಿನನಿತ್ಯ ಬಳಸುವ ಎಲ್ಲ ತಂತ್ರಾಂಶಗಳನ್ನು ಒಟ್ಟಿಗೆ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ.

* ಮೆಮೊರಿ ಬಳಕೆ ಸದಾ ಶೇ. 85-90ರ ಮೇಲೆ ಇದ್ದರೆ: ಗಾತ್ರ ಸಾಲದು. ಇನ್ನೊಂದು ರ‍್ಯಾಮ್ ಸೇರಿಸಿ.
* ಡಿಸ್ಕ್ ಬಳಕೆ ಆಗಾಗ ಶೇ. 100 ಮುಟ್ಟಿ, ಅದು ಹಾರ್ಡ್ ಡಿಸ್ಕ್ ಆಗಿದ್ದರೆ: ಎಸ್‌ಎಸ್‌ಡಿ ಹಾಕಿಸಿ.
* ಸಿಪಿಯು ಶೇ. 100ರಲ್ಲೇ ನಿಂತಿದ್ದರೆ: ಪ್ರೊಸೆಸರ್ ಹಳೆಯದಾಗಿದೆ ಅಥವಾ ಯಾವುದೋ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿದೆ. ಪ್ರೊಸೆಸಸ್ ಪಟ್ಟಿಯಲ್ಲಿ ಅದು ಯಾವುದೆಂದು ನೋಡಿ.
* ಮೂರೂ ಆರಾಮಾಗಿದ್ದು ಗೇಮ್ ಮಾತ್ರ ತಡವರಿಸಿದರೆ: ಗ್ರಾಫಿಕ್ಸ್ ಕಡೆ ನೋಡಿ. ಒಳ ಗ್ರಾಫಿಕ್ಸ್ ಆಗಿದ್ದರೆ ರ‍್ಯಾಮ್ ವೇಗ ಮತ್ತು ಜೋಡಿ ಮುಖ್ಯವಾಗುತ್ತದೆ.

ಅದೇ ಮೆಮೊರಿ ಪುಟದಲ್ಲಿ ರ‍್ಯಾಮ್ ಈಗ ಯಾವ ವೇಗದಲ್ಲಿ ಓಡುತ್ತಿದೆ, ಎಷ್ಟು ಸ್ಲಾಟ್ ತುಂಬಿದೆ ಎಂಬುದೂ ಇರುತ್ತದೆ. ಎರಡರಲ್ಲಿ ಒಂದೇ ತುಂಬಿದ್ದರೆ ನಿಮಗೆ ಅಗ್ಗದ ದಾರಿ ಇನ್ನೂ ತೆರೆದೇ ಇದೆ ಎಂದರ್ಥ.

ದುಡ್ಡಿಲ್ಲದೆ ಸಿಗುವ ವೇಗ

3200 ಅಥವಾ 3600ರ ರ‍್ಯಾಮ್ ಕೊಂಡು ವರ್ಷಗಟ್ಟಲೆ ಅದನ್ನು 2133 ಅಥವಾ 2400ರಲ್ಲೇ ಓಡಿಸುತ್ತಿರುವವರೂ ಇದ್ದಾರೆ. ಅನೇಕ ರ‍್ಯಾಮ್‌ಗಳು ಕಂಪ್ಯೂಟರ್ ಆನ್ ಆದಾಗ ಸುರಕ್ಷಿತವಾದ ಕಡಿಮೆ ವೇಗದಲ್ಲೇ ಶುರುವಾಗುತ್ತವೆ. ಪೊಟ್ಟಣದ ಮೇಲಿನ ವೇಗ ಬೇಕಿದ್ದರೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಎಎಂಡಿಯ ಡಿಡಿಆರ್5 ಬೋರ್ಡ್‌ಗಳಲ್ಲಿ ಇದರ ಹೆಸರು ಎಕ್ಸ್‌ಪೋ. ಬೋರ್ಡ್ ಮತ್ತು ಪ್ರೊಸೆಸರ್ ಒಪ್ಪಿದರೆ ಒಂದು ರೂಪಾಯಿ ಖರ್ಚಿಲ್ಲದೆ ವೇಗ ಸಿಗುತ್ತದೆ.

ಹಾಗೆ ಮಾಡಿದ ಮೇಲೆ ನೀಲಿ ಪರದೆ ಬಂದರೆ ಅಥವಾ ಕಂಪ್ಯೂಟರ್ ತಾನಾಗಿ ರಿಸ್ಟಾರ್ಟ್ ಆದರೆ ಹಿಂದಿನ ವೇಗಕ್ಕೇ ಮರಳಿ. ರ‍್ಯಾಮ್‌ನ ತಪ್ಪು ಓದಿನಿಂದ ಫೈಲ್‌ಗಳು ಸದ್ದಿಲ್ಲದೆ ಕೆಡಬಹುದು. ಲೆಕ್ಕಪತ್ರ ಇರುವ ಕಂಪ್ಯೂಟರ್‌ನಲ್ಲಿ ಈ ಸಾಹಸ ಬೇಡ. ಅನುಮಾನ ಇದ್ದರೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಅಥವಾ ಉಚಿತವಾಗಿ ಸಿಗುವ ಮೆಮ್‌ಟೆಸ್ಟ್86 ಓಡಿಸಿ ನೋಡಿ.

ಖರೀದಿಗೆ ಹೋಗುವ ಮುನ್ನ

2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಜಿಗಿಯಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿರುವುದು ಇದಕ್ಕೆ ಕಾರಣ. ಅಮೆರಿಕದ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡ್ ವ್ಯವಹಾರದಿಂದ ಹೊರಬರುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೀಗಿರುವಾಗ ಬೇಡದ ರ‍್ಯಾಮ್‌ಗೆ ದುಡ್ಡು ಸುರಿಯುವುದು ಮೊದಲಿಗಿಂತ ದುಬಾರಿ ತಪ್ಪು.

ಈ ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

* ನಿಮ್ಮ ಬೋರ್ಡ್ ಡಿಡಿಆರ್3, 4, 5ರಲ್ಲಿ ಯಾವುದು? ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಒತ್ತಾಯದಿಂದ ತುರುಕಬೇಡಿ.
* ಪ್ರೊಸೆಸರ್ ಮತ್ತು ಬೋರ್ಡ್ ಒಪ್ಪುವ ಗರಿಷ್ಠ ವೇಗ ಎಷ್ಟು? ಕಂಪನಿಯ ವೆಬ್‌ಸೈಟ್‌ನಲ್ಲಿ ಮಾದರಿ ಸಂಖ್ಯೆ ಹಾಕಿದರೆ ಸಿಗುತ್ತದೆ.
* ಹಳೆಯದರ ಜೊತೆ ಹೊಸದನ್ನು ಸೇರಿಸಿದರೆ ಎರಡೂ ನಿಧಾನದ ರ‍್ಯಾಮ್‌ನ ವೇಗಕ್ಕೆ ಇಳಿಯುತ್ತವೆ. ಹಾಗಾಗಿ ಹಳೆಯದಕ್ಕೆ ಹೊಂದುವುದನ್ನೇ ಕೇಳಿ.
* ಬಿಲ್ ಮತ್ತು ವಾರಂಟಿ ಇಲ್ಲದೆ ಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಹಾಕಿಸಿ, ಗಾತ್ರ ಮತ್ತು ವೇಗ ಪರೀಕ್ಷಿಸಿ.

ಕೊನೆಗೆ ಲೆಕ್ಕ ಇಷ್ಟೇ

ವೇಗದ ರ‍್ಯಾಮ್ ಡೆಸ್ಕ್‌ಟಾಪ್‌ನ ವೇಗ ಹೆಚ್ಚಿಸುತ್ತದೆಯೇ ಎಂದರೆ ಉತ್ತರ: ಹೌದು, ಆದರೆ ಕೆಲಸ ರ‍್ಯಾಮ್‌ಗಾಗಿ ಕಾಯುತ್ತಿದ್ದರೆ ಮಾತ್ರ. ಬಹಳಷ್ಟು ಮನೆಗಳ ಹಳೆಯ ಡೆಸ್ಕ್‌ಟಾಪ್ ಕಾಯುತ್ತಿರುವುದು ಹಾರ್ಡ್ ಡಿಸ್ಕ್‌ಗಾಗಿ, ಇಲ್ಲವೇ ಜಾಗ ಸಾಲದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಎಸ್‌ಎಸ್‌ಡಿ, ನಂತರ ಸಾಕಷ್ಟು ಗಾತ್ರದ ರ‍್ಯಾಮ್, ಅದೂ ಜೋಡಿಯಾಗಿ. ವೇಗದ ಮಾತು ಕೊನೆಗೆ. ಹೊಸ ಕಂಪ್ಯೂಟರ್ ಜೋಡಿಸುತ್ತಿದ್ದರೆ ಮಾತ್ರ ಬೋರ್ಡ್ ಒಪ್ಪುವ ಒಳ್ಳೆಯ ವೇಗದ ಜೋಡಿಯನ್ನೇ ಆರಂಭದಲ್ಲೇ ಆರಿಸಿಕೊಳ್ಳಿ. ಆಗ ಬೆಲೆಯ ವ್ಯತ್ಯಾಸ ಕಡಿಮೆ ಇದ್ದರೆ ಅದು ಸರಿಯಾದ ಖರ್ಚು.

ಲೋಕಲ್ ಹತ್ತುವ ಮೊದಲು ಆ ಮೂರು ಕೀ ಒಮ್ಮೆ ಒತ್ತಿ ನೋಡಿ. ಗ್ರಾಂಟ್ ರೋಡ್‌ನಲ್ಲಿ ಇಳಿದು ಯಾವ ಸಾಮಾನು ಕೇಳಬೇಕು ಎಂಬುದು ಬೊರಿವಲಿಯಲ್ಲೇ ತೀರ್ಮಾನವಾಗಿರುತ್ತದೆ.